ಮನೆ ಹಿಂದೆ ಪ್ರೊಪೇನ್ ಟ್ಯಾಂಕ್: ಎಷ್ಟು ದೂರ ಇದ್ದರೆ ಕ್ಷೇಮ?



ಮೊನ್ನೆ ಸಂಘದ ಕಾರ್ಯಕ್ರಮ ಮುಗಿದು, ಊಟದ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ಗೆಳೆಯರೊಬ್ಬರು ಒಂದು ಪ್ರಶ್ನೆ ಕೇಳಿದರು. ಅವರು ಬ್ರಾಂಪ್ಟನ್ ಕಡೆ ಒಂದು ಟೌನ್‌ಹೌಸ್ ನೋಡಿ ಬಂದಿದ್ದಾರೆ. ಬೆಲೆ ಪರವಾಗಿಲ್ಲ, ಶಾಲೆ ಹತ್ತಿರ, ಬಸ್ಸೂ ಹತ್ತಿರ. ಆದರೆ ಹಿಂದಿನ ರಸ್ತೆ ದಾಟಿದರೆ ಕೈಗಾರಿಕಾ ಪ್ರದೇಶ ಶುರುವಾಗುತ್ತದೆ. ಅಲ್ಲಿ ತಂತಿ ಬೇಲಿಯ ಒಳಗೆ ಉದ್ದನೆಯ ಬಿಳಿ ಟ್ಯಾಂಕೊಂದು ಮಲಗಿಕೊಂಡಿದೆ. "ಪ್ರೊಪೇನ್ ಅಂತ ಬೋರ್ಡ್ ಹಾಕಿದ್ದಾರೆ ಮಾರಾಯ್ರೇ. ಇವಳು ಬೇಡವೇ ಬೇಡ ಅಂತಾಳೆ, ರಿಯಲ್ಟರ್ ಏನೂ ಆಗಲ್ಲ ಅಂತಾನೆ. ನೀವು ಇಂಟರ್‌ನೆಟ್‌ನಲ್ಲಿ ಎಲ್ಲಾ ಕೆದಕ್ತೀರಲ್ಲ, ಸ್ವಲ್ಪ ನೋಡಿ ಹೇಳಿ" ಅಂದರು.

ನಾನು ಸಾಫ್ಟ್‌ವೇರ್ ಬರೆಯುವವನು, ಗ್ಯಾಸ್ ಇಂಜಿನಿಯರ್ ಅಲ್ಲ. ಆದರೂ ಕೆದಕಿದೆ. ಕೆದಕುತ್ತಾ ಹೋದಂತೆ ಇದು ಒಬ್ಬರ ಮನೆ ಖರೀದಿಯ ಪ್ರಶ್ನೆ ಮಾತ್ರವಲ್ಲ, ಈ ಊರಲ್ಲಿ ಇರುವ ನಮ್ಮೆಲ್ಲರಿಗೂ ಗೊತ್ತಿರಬೇಕಾದ ವಿಷಯ ಅನ್ನಿಸಿತು. ಅದಕ್ಕೇ ಈ ಬರಹ. ಸ್ವಲ್ಪ ಉದ್ದವಾಗಿದೆ, ಕಾಫಿ ಪಕ್ಕದಲ್ಲಿ ಇಟ್ಟುಕೊಂಡು ಓದಿ.

2008ರ ಆಗಸ್ಟ್ 10, ಭಾನುವಾರ ಬೆಳಗಿನ ಜಾವ

ಇಲ್ಲಿ ಬಹಳ ವರ್ಷಗಳಿಂದ ಇರುವವರಿಗೆ ಈ ದಿನಾಂಕ ನೆನಪಿರುತ್ತದೆ. ಟೊರೊಂಟೊ ನಗರದ ಉತ್ತರ ಭಾಗದ ಡೌನ್ಸ್‌ವ್ಯೂನಲ್ಲಿ, ಕೀಲ್ ಮತ್ತು ವಿಲ್ಸನ್ ರಸ್ತೆಗಳು ಕೂಡುವ ಜಾಗಕ್ಕೆ ಹತ್ತಿರದ ಮರ್ರೇ ರಸ್ತೆಯಲ್ಲಿ ಸನ್‌ರೈಸ್ ಪ್ರೊಪೇನ್ ಎಂಬ ಕಂಪನಿಯ ದಾಸ್ತಾನು ಕೇಂದ್ರ ಇತ್ತು. ಬೆಳಗಿನ ಜಾವ ನಾಲ್ಕು ಗಂಟೆಗೆ ಇನ್ನೂ ಹತ್ತು ನಿಮಿಷ ಇರುವಾಗ ಅದು ಸಿಡಿಯಿತು. ಒಂದು ಸಲ ಅಲ್ಲ, ಮತ್ತೆ ಮತ್ತೆ. ಟ್ಯಾಂಕಿನ ಲೋಹದ ಚೂರುಗಳು ಹಾರಿ ಅಕ್ಕಪಕ್ಕದ ಬೀದಿಗಳಲ್ಲಿ, ಮನೆಗಳ ಹಿತ್ತಿಲುಗಳಲ್ಲಿ ಬಿದ್ದವು. ಕಿಟಕಿಗಳು ಚೌಕಟ್ಟು ಸಮೇತ ಕಿತ್ತುಬಂದವು. ಹತ್ತಿರದ ಸ್ಮಶಾನದ ಕಲ್ಲುಗಳೂ ಉಳಿಯಲಿಲ್ಲ. ಸುಮಾರು 12,000 ಜನ ರಾತ್ರಿಯ ಬಟ್ಟೆಯಲ್ಲೇ ಮನೆ ಬಿಟ್ಟು ಹೊರಟರು. ಅವರಲ್ಲಿ ಎಷ್ಟೋ ಜನ ಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆಶ್ರಯ ಪಡೆದರು. ನಾವೆಲ್ಲ ದಿನಾ ಶಾಪ ಹಾಕುತ್ತಾ ಓಡಾಡುವ 401 ಹೆದ್ದಾರಿಯನ್ನೇ ಗಂಟೆಗಟ್ಟಲೆ ಮುಚ್ಚಿದರು.

ಇಬ್ಬರು ತೀರಿಕೊಂಡರು. ಒಬ್ಬರು ಅಗ್ನಿಶಾಮಕ ದಳದವರು, ಘಟನಾ ಸ್ಥಳದಲ್ಲಿ ಕೆಲಸ ಮಾಡುತ್ತಿದ್ದಾಗಲೇ ಹೃದಯ ನಿಂತುಹೋಯಿತು. ಇನ್ನೊಬ್ಬ ಆ ರಾತ್ರಿ ಪಾಳಿಯಲ್ಲಿದ್ದ ನೌಕರ. ಭಾರತದಿಂದ ಓದುವುದಕ್ಕೆಂದು ಬಂದ, ಇಪ್ಪತ್ತರ ಹರೆಯದ ಹುಡುಗ. ಈ ಸಾಲನ್ನು ಓದಿದಾಗ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಮ್ಮ ಮಧ್ಯೆಯೇ ಎಷ್ಟು ಜನ ಹುಡುಗರು ಫೀಸಿಗೆ, ಬಾಡಿಗೆಗೆ ಅಂತ ಗೋದಾಮುಗಳಲ್ಲಿ, ಪೆಟ್ರೋಲ್ ಬಂಕುಗಳಲ್ಲಿ ರಾತ್ರಿ ಕೆಲಸ ಮಾಡುತ್ತಿದ್ದಾರೆ ಯೋಚಿಸಿ. ಅವರಿಗೆ ಯಾವ ವಾಲ್ವ್ ಮೊದಲು ಮುಚ್ಚಬೇಕು ಅಂತ ಯಾರಾದರೂ ಹೇಳಿಕೊಟ್ಟಿರುತ್ತಾರಾ?

ಆಮೇಲೆ ತನಿಖೆಯಾಯಿತು. ಒಂದು ಟ್ಯಾಂಕರ್ ಲಾರಿಯಿಂದ ಇನ್ನೊಂದಕ್ಕೆ ನೇರವಾಗಿ ಪ್ರೊಪೇನ್ ತುಂಬಿಸುತ್ತಿದ್ದಾಗ ಹೋಸ್ ಪೈಪಿನಿಂದ ಸೋರಿಕೆಯಾಗಿ, ಆ ಅನಿಲಕ್ಕೆ ಕಿಡಿ ತಗುಲಿತು ಎಂಬುದು ಅದರ ಸಾರ. ಹೀಗೆ ಲಾರಿಯಿಂದ ಲಾರಿಗೆ ತುಂಬಿಸುವುದನ್ನು ನಿಲ್ಲಿಸಿ ಎಂದು ಮೇಲ್ವಿಚಾರಣೆ ನಡೆಸುವ ಸಂಸ್ಥೆ ಈ ಕಂಪನಿಗೆ 2006ರಲ್ಲೇ ಹೇಳಿತ್ತು! ಹೇಳಿದ್ದು ಹಾಳೆಯ ಮೇಲೆ ಉಳಿಯಿತು, ಲಾರಿಗಳು ತಮ್ಮ ಪಾಡಿಗೆ ತುಂಬಿಸಿಕೊಳ್ಳುತ್ತಲೇ ಇದ್ದವು.

ಈ ಲಾರಿ-ಲಾರಿ ವ್ಯವಹಾರ ಯಾಕೆ ಅಷ್ಟು ಅಪಾಯ? ನೆಲದಲ್ಲಿ ಭದ್ರವಾಗಿ ಕೂರಿಸಿದ ದಾಸ್ತಾನು ಟ್ಯಾಂಕಿನ ಪೈಪುಗಳಲ್ಲಿ ಹಲವು ಕಾವಲುಗಾರರು ಇರುತ್ತಾರೆ. ಹರಿವು ಒಮ್ಮೆಲೇ ಜಾಸ್ತಿಯಾದರೆ ತಾನೇ ಮುಚ್ಚಿಕೊಳ್ಳುವ ವಾಲ್ವ್, ಲಾರಿ ಹೋಸ್ ಸಮೇತ ಹೊರಟುಬಿಟ್ಟರೆ ಪೈಪನ್ನು ಉಳಿಸಲು ಬೇಕೆಂದೇ ದುರ್ಬಲವಾಗಿ ಮಾಡಿದ ಜೋಡಣೆ, ದೂರದಿಂದಲೇ ಒತ್ತಬಹುದಾದ ತುರ್ತು ಬಟನ್. ಲಾರಿಗಳಲ್ಲೂ ವಾಲ್ವ್ ಇರುತ್ತವೆ ನಿಜ. ಆದರೆ ಎರಡು ಲಾರಿಗಳ ನಡುವೆ ಒಂದು ಹೋಸ್ ಎಳೆದಾಗ ನೆಲದ ಮೇಲಿನ ಈ ಏರ್ಪಾಡು ಪೂರ್ತಿ ಪಕ್ಕಕ್ಕೆ ಹೋಗುತ್ತದೆ. ಜೊತೆಗೆ ಎರಡು ದೊಡ್ಡ ಟ್ಯಾಂಕ್‌ಗಳು ಒಂದರ ಪಕ್ಕ ಒಂದು ನಿಂತಿರುತ್ತವೆ. ಒಂದಕ್ಕೆ ಬೆಂಕಿ ಬಿದ್ದರೆ ಇನ್ನೊಂದು ಅದರ ಉರಿಯಲ್ಲೇ ಕಾಯುತ್ತದೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಟೆಸ್ಟಿಂಗ್ ಮಾಡಿದ ದಾರಿ ಬಿಟ್ಟು ಯಾರೋ ಅವಸರಕ್ಕೆ ಪ್ರೊಡಕ್ಷನ್ ಸರ್ವರ್‌ಗೆ ನೇರವಾಗಿ ಕೈ ಹಾಕಿದ ಹಾಗೆ.

ಪ್ರೊಪೇನ್‌ನ ಸ್ವಭಾವ

ನಮ್ಮ ಊರಿನ ಅಡುಗೆ ಗ್ಯಾಸ್ ಸಿಲಿಂಡರಿನಲ್ಲಿ ಇರುವುದು ಬ್ಯೂಟೇನ್ ಮತ್ತು ಪ್ರೊಪೇನ್ ಮಿಶ್ರಣ. ಇಲ್ಲಿಯ ಚಳಿಗೆ ಬ್ಯೂಟೇನ್ ಕೈಕೊಡುತ್ತದೆ. ಸೊನ್ನೆ ಡಿಗ್ರಿ ಹತ್ತಿರ ಬಂದರೆ ಅದು ದ್ರವವಾಗಿಯೇ ಕೂತುಬಿಡುತ್ತದೆ, ಒಲೆಗೆ ಬರುವುದಿಲ್ಲ. ಪ್ರೊಪೇನ್ ಹಾಗಲ್ಲ, ಅದು ಮೈನಸ್ 42 ಡಿಗ್ರಿಯಲ್ಲೇ ಕುದಿಯುತ್ತದೆ. ಹಾಗಾಗಿ ಕೆನಡಾದ ಜನವರಿಯಲ್ಲೂ ಆವಿಯಾಗಿ ಬರುತ್ತದೆ. ಅದಕ್ಕೇ ಪೈಪ್‌ಲೈನ್ ಗ್ಯಾಸ್ ಇಲ್ಲದ ಹಳ್ಳಿ ಮನೆಗಳು, ಕಾಟೇಜುಗಳು, ಹೊಲದ ಧಾನ್ಯ ಒಣಗಿಸುವ ಯಂತ್ರಗಳು, ಗೋದಾಮಿನ ಫೋರ್ಕ್‌ಲಿಫ್ಟ್‌ಗಳು, ನಮ್ಮ ಬಾರ್ಬೆಕ್ಯೂ ಎಲ್ಲವೂ ಅದನ್ನೇ ನಂಬಿಕೊಂಡಿವೆ. ಪ್ರೊಪೇನ್ ಬೇಡ ಎಂದು ಹೇಳಿ ಕೈ ತೊಳೆದುಕೊಳ್ಳುವ ಹಾಗಿಲ್ಲ. ಎಲ್ಲೋ ಒಂದು ಕಡೆ ಅದನ್ನು ಕೂಡಿಡಲೇಬೇಕು.

ಒತ್ತಡದಲ್ಲಿ ಇಟ್ಟಾಗ ಅದು ದ್ರವ. ಹೊರಗೆ ಬಂದರೆ ಆ ದ್ರವ ಸುಮಾರು 270 ಪಟ್ಟು ಹಿಗ್ಗಿ ಅನಿಲವಾಗುತ್ತದೆ. ಅನಿಲವಾದ ಮೇಲೆ ಗಾಳಿಗಿಂತ ಒಂದೂವರೆ ಪಟ್ಟು ಭಾರ. ಮೇಲಕ್ಕೆ ಹಾರಿ ಹೋಗುವುದಿಲ್ಲ. ಮಂಜಿನ ಹಾಗೆ ನೆಲಕ್ಕೆ ಅಂಟಿಕೊಂಡು, ತಗ್ಗು ಕಂಡ ಕಡೆ ಹರಿಯುತ್ತದೆ. ಚರಂಡಿ, ಬೇಸ್‌ಮೆಂಟ್ ಕಿಟಕಿ, ನೆಲಮಾಳಿಗೆಯ ಮೆಟ್ಟಿಲು ಇವೆಲ್ಲ ಅದಕ್ಕೆ ದಾರಿ. ಗಾಳಿಯಲ್ಲಿ ಶೇಕಡಾ 2ರಷ್ಟು ಬೆರೆತರೂ ಸಾಕು, ಕಿಡಿಗೆ ಹೊತ್ತಿಕೊಳ್ಳುತ್ತದೆ. ಶೇಕಡಾ 9.5 ದಾಟಿದರೆ ಗಾಳಿ ಸಾಲದೆ ಹೊತ್ತುವುದಿಲ್ಲ, ಆದರೆ ಅಂಚಿನಲ್ಲಿ ಎಲ್ಲೋ ಒಂದು ಕಡೆ ಸರಿಯಾದ ಮಿಶ್ರಣ ಇದ್ದೇ ಇರುತ್ತದೆ. ಶುದ್ಧ ಪ್ರೊಪೇನ್‌ಗೆ ವಾಸನೆ ಇಲ್ಲ. ಕೊಳೆತ ಎಲೆಕೋಸಿನಂಥ ಆ ನಾತವನ್ನು ನಮ್ಮ ಒಳ್ಳೆಯದಕ್ಕೇ ಬೆರೆಸಿರುತ್ತಾರೆ.

ಇನ್ನು ಬ್ಲೆವಿ ಅನ್ನುವ ಒಂದು ಶಬ್ದ ಈ ವಿಷಯದಲ್ಲಿ ಪದೇ ಪದೇ ಬರುತ್ತದೆ. ಕುದಿಯುವ ದ್ರವದ ಆವಿ ಹಿಗ್ಗಿ ಸಿಡಿಯುವುದಕ್ಕೆ ಇಟ್ಟ ಚುಟುಕು ಹೆಸರು. ಅಮ್ಮನ ಕುಕ್ಕರ್ ನೆನಪಿಸಿಕೊಳ್ಳಿ. ಟ್ಯಾಂಕಿನ ಕೆಳಗೆ ಬೆಂಕಿ ಬಿತ್ತು ಅನ್ನೋಣ. ದ್ರವ ತಾಗಿರುವ ಭಾಗದ ಉಕ್ಕಿನ ಬಿಸಿಯನ್ನು ದ್ರವ ಹೀರಿಕೊಳ್ಳುತ್ತದೆ, ಆ ಭಾಗಕ್ಕೆ ಸದ್ಯಕ್ಕೆ ತೊಂದರೆ ಇಲ್ಲ. ಒತ್ತಡ ಏರುತ್ತದೆ, ಮೇಲಿನ ಸುರಕ್ಷಾ ವಾಲ್ವ್ ಕುಕ್ಕರ್ ಸೀಟಿ ಹಾಕಿದಂತೆ ಅನಿಲವನ್ನು ಹೊರಬಿಡುತ್ತದೆ. ವಾಲ್ವ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿದೆ. ಆದರೆ ಅನಿಲ ಹೋದಷ್ಟೂ ಒಳಗೆ ದ್ರವದ ಮಟ್ಟ ಇಳಿಯುತ್ತದೆ, ಮೇಲೆ ಒಣ ಉಕ್ಕು ಜಾಸ್ತಿಯಾಗುತ್ತದೆ. ಒಣ ಉಕ್ಕಿಗೆ ಬೆಂಕಿ ನೇರವಾಗಿ ತಾಗಿದರೆ ಸ್ವಲ್ಪ ಹೊತ್ತಿನಲ್ಲೇ ಅದು ಕೆಂಪಾಗಿ ಬಲ ಕಳೆದುಕೊಂಡು ಸೀಳಿಬಿಡುತ್ತದೆ. ಅಷ್ಟೂ ಹೊತ್ತು ಒತ್ತಡದಲ್ಲಿ ಅದುಮಿಟ್ಟಿದ್ದ ದ್ರವ ಒಂದೇ ಕ್ಷಣಕ್ಕೆ ಕುದಿದು ಹೊರಬಂದು ಬೆಂಕಿಯುಂಡೆಯಾಗುತ್ತದೆ. ವಾಲ್ವ್ ಕೆಲಸ ಮಾಡಿತ್ತಲ್ಲ, ಮತ್ತೆ ಯಾಕೆ ಸಿಡಿಯಿತು ಅಂತ ಕೇಳುವವರಿಗೆ ಇದೇ ಉತ್ತರ. ವಾಲ್ವ್ ಒತ್ತಡವನ್ನು ಇಳಿಸಬಲ್ಲದು, ಉಕ್ಕನ್ನು ತಂಪು ಮಾಡಲಾರದು. ತಂಪು ಮಾಡಬೇಕಾದ್ದು ನೀರು. ನೀರು ಬರುವುದಕ್ಕೆ ಎಷ್ಟು ನಿಮಿಷ ಬೇಕು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಎರಡು ಬಗೆಯ ದೂರ

ಈಗ ಗೆಳೆಯರ ಪ್ರಶ್ನೆಗೆ ಬರೋಣ. ಎಷ್ಟು ದೂರ?

ಬೆಂಕಿಯುಂಡೆಯ ಅಳತೆಗೆ ಇಂಜಿನಿಯರುಗಳು ಬಳಸುವ ಒಂದು ಸರಳ ಸೂತ್ರ ಇದೆ. ಪ್ರೊಪೇನ್ ಎಷ್ಟು ಕಿಲೋ ಇದೆಯೋ ಅದರ ಘನಮೂಲ ತೆಗೆದು 5.8ರಿಂದ ಗುಣಿಸಿದರೆ ಉಂಡೆಯ ವ್ಯಾಸ ಮೀಟರಿನಲ್ಲಿ ಬರುತ್ತದೆ. ನಾನು ಸ್ಪ್ರೆಡ್‌ಶೀಟಿನಲ್ಲಿ ಹಾಕಿ ನೋಡಿದೆ. ಬಾರ್ಬೆಕ್ಯೂವಿನ 20 ಪೌಂಡ್ ಸಿಲಿಂಡರಿನಲ್ಲಿ 9 ಕಿಲೋ ಇರುತ್ತದೆ: ವ್ಯಾಸ ಸುಮಾರು 12 ಮೀಟರ್. ಪೆಟ್ರೋಲ್ ಬಂಕಿನಲ್ಲಿ ಸಿಲಿಂಡರ್ ತುಂಬಿಸಿಕೊಡುವ ಕಡೆ ಕಾಣುವ ಸಾವಿರ ಗ್ಯಾಲನ್ ಟ್ಯಾಂಕಿನಲ್ಲಿ ಸುಮಾರು 1,500 ಕಿಲೋ: 66 ಮೀಟರ್. 20 ಟನ್ ಹೊತ್ತ ದೊಡ್ಡ ಟ್ಯಾಂಕರ್: 157 ಮೀಟರ್, ಉರಿಯುವ ಹೊತ್ತು ಹನ್ನೆರಡು ಸೆಕೆಂಡ್. ಇದು ಬರೀ ಉಂಡೆ. ಅದರ ಕಾವು ಇನ್ನೂ ದೂರ ಹೋಗುತ್ತದೆ, ಲೋಹದ ಚೂರುಗಳು ಅದಕ್ಕಿಂತಲೂ ದೂರ.

ಘನಮೂಲದ ತಮಾಷೆ ಗಮನಿಸಿ. ದಾಸ್ತಾನು ಹತ್ತು ಪಟ್ಟು ಕಡಿಮೆ ಮಾಡಿದರೆ ಅಪಾಯದ ದೂರ ಹತ್ತು ಪಟ್ಟು ಕಡಿಮೆಯಾಗುವುದಿಲ್ಲ, ಅರ್ಧಕ್ಕಿಂತ ತುಸು ಕಡಿಮೆಯಾಗುತ್ತದೆ ಅಷ್ಟೇ. "ನಮ್ಮದು ಚಿಕ್ಕ ಟ್ಯಾಂಕ್ ಸಾರ್" ಅನ್ನುವ ಮಾತು ಲೆಕ್ಕದಲ್ಲಿ ಅಷ್ಟು ಗಟ್ಟಿ ನಿಲ್ಲುವುದಿಲ್ಲ.

ಅಮೆರಿಕದ ಪರಿಸರ ಸಂಸ್ಥೆ ಇನ್ನೊಂದು ಲೆಕ್ಕ ಹಾಕುತ್ತದೆ. ಅನಿಲವೆಲ್ಲ ಮೋಡವಾಗಿ ಸಿಡಿದರೆ ಗಾಳಿಯ ಒತ್ತಡ ಒಂದು ಪಿಎಸ್‌ಐಗೆ ಇಳಿಯುವುದು ಎಷ್ಟು ದೂರದಲ್ಲಿ ಅಂತ. ಒಂದು ಪಿಎಸ್‌ಐ ಅಂದರೆ ಕಿಟಕಿ ಗಾಜು ಪುಡಿಯಾಗಿ, ಮರದ ಚೌಕಟ್ಟಿನ ಮನೆಗೆ ಒಂದಷ್ಟು ಪೆಟ್ಟಾಗುವ ಮಟ್ಟ. ಆ ಸೂತ್ರದ ಪ್ರಕಾರ ಸಾವಿರ ಗ್ಯಾಲನ್ ಟ್ಯಾಂಕಿಗೆ ಸುಮಾರು 190 ಮೀಟರ್, 20 ಟನ್ನಿಗೆ 460 ಮೀಟರ್ ಬರುತ್ತದೆ. ಇದು ಬೇಕೆಂದೇ ಅತಿ ಕೆಟ್ಟ ಸಂದರ್ಭವನ್ನು ಊಹಿಸಿಕೊಂಡು ಹಾಕಿದ ಲೆಕ್ಕ ಅನ್ನುವುದನ್ನು ಮರೆಯಬಾರದು.

ಈಗ ನಿಯಮ ನೋಡಿ. ಅಮೆರಿಕದಲ್ಲಿ ಪ್ರೊಪೇನ್‌ಗೆ ಬಳಸುವ ಎನ್‌ಎಫ್‌ಪಿಎ 58 ಎಂಬ ಸಂಹಿತೆಯ ಪ್ರಕಾರ ನೆಲದ ಮೇಲಿನ ಸಾವಿರ ಗ್ಯಾಲನ್ ಟ್ಯಾಂಕ್ ಕಟ್ಟಡದಿಂದ ಇರಬೇಕಾದ ಅಂತರ 25 ಅಡಿ. ಎರಡು ಸಾವಿರ ಗ್ಯಾಲನ್‌ಗಿಂತ ದೊಡ್ಡದಾಗಿ 30,000 ಗ್ಯಾಲನ್‌ವರೆಗಿನ ಟ್ಯಾಂಕಿಗೆ 50 ಅಡಿ. ನಾನು ಮೊದಲ ಸಲ ಓದಿದಾಗ ಇದೇನಿದು ಹುಚ್ಚಾಟ, 190 ಮೀಟರ್ ಎಲ್ಲಿ, 25 ಅಡಿ ಎಲ್ಲಿ ಅಂದುಕೊಂಡೆ!

ಆಮೇಲೆ ಅರ್ಥವಾಯಿತು, ಎರಡೂ ಬೇರೆ ಬೇರೆ ಪ್ರಶ್ನೆಗೆ ಉತ್ತರ. 25 ಅಡಿ ಅನ್ನುವುದು ಟ್ಯಾಂಕ್ ಸಿಡಿದರೆ ಮನೆ ಉಳಿಯಲಿ ಎಂದು ಇಟ್ಟದ್ದಲ್ಲ. ಮನೆಗೆ ಬೆಂಕಿ ಬಿದ್ದರೆ ಅದು ಟ್ಯಾಂಕಿಗೆ ತಾಗದಿರಲಿ, ಟ್ಯಾಂಕಿನಿಂದ ಸಣ್ಣ ಸೋರಿಕೆಯಾದರೆ ಮನೆಯ ಕಿಡಿಗೆ ತಗುಲದೆ ಗಾಳಿಯಲ್ಲಿ ಚೆದುರಿಹೋಗಲಿ, ಅಂದರೆ ಅನಾಹುತ ಶುರುವಾಗದೇ ಇರಲಿ ಎಂದು ಇಟ್ಟ ದೂರ. 190 ಮೀಟರ್ ಅನ್ನುವುದು ಶುರುವಾಗಿಯೇ ಬಿಟ್ಟರೆ ಯಾರನ್ನೆಲ್ಲ ಎಬ್ಬಿಸಿ ಕಳಿಸಬೇಕು ಎಂಬ ದೂರ. ಮೊದಲನೆಯದನ್ನು ಟ್ಯಾಂಕ್ ಕೂರಿಸುವವನು ಟೇಪ್ ಹಿಡಿದು ಅಳೆಯುತ್ತಾನೆ. ಎರಡನೆಯದನ್ನು ಅಳೆಯಬೇಕಾದವರು ಊರಿನ ನಕ್ಷೆ ಮಾಡುವವರು. 2008ರವರೆಗೆ ಒಂಟಾರಿಯೊದಲ್ಲಿ ಮೊದಲನೆಯದಕ್ಕೆ ಒಬ್ಬ ಯಜಮಾನ ಇದ್ದ, ಎರಡನೆಯದಕ್ಕೆ ಸರಿಯಾಗಿ ಯಾರೂ ಇರಲಿಲ್ಲ.

ಯಜಮಾನರು ಯಾರು?

ಇಲ್ಲಿ ಇಂಧನ ಸುರಕ್ಷತೆಯನ್ನು ನೋಡಿಕೊಳ್ಳುವುದು ಟಿಎಸ್‌ಎಸ್‌ಎ. ಲಿಫ್ಟಿನೊಳಗೆ ಅಂಟಿಸಿರುವ ಪರವಾನಗಿ ಚೀಟಿಯಲ್ಲಿ ಈ ಹೆಸರು ನೀವು ನೋಡಿರಬಹುದು, ಅದೇ ಸಂಸ್ಥೆ. ಮೊದಲು ಈ ಕೆಲಸ ಪ್ರಾಂತ್ಯ ಸರ್ಕಾರದ ಇಲಾಖೆಯಲ್ಲೇ ಇತ್ತು. 1997ರಲ್ಲಿ ಅದನ್ನು ಸರ್ಕಾರದಿಂದ ಹೊರಗೆ ತಂದು, ಲಾಭಕ್ಕಲ್ಲದ, ಆದರೆ ತಾನು ವಸೂಲಿ ಮಾಡುವ ಶುಲ್ಕದಲ್ಲೇ ನಡೆಯುವ ಸಂಸ್ಥೆಗೆ ಒಪ್ಪಿಸಿದರು. ಪ್ರೊಪೇನ್ ವ್ಯಾಪಾರಕ್ಕೆ ಲೈಸೆನ್ಸ್ ಕೊಡುವುದು, ತಪಾಸಣೆ ಮಾಡುವುದು ಟಿಎಸ್‌ಎಸ್‌ಎ. ಆ ಜಾಗ ಕೈಗಾರಿಕೆಗೋ ಮನೆಗಳಿಗೋ ಎಂದು ಝೋನಿಂಗ್ ನಿರ್ಧರಿಸುವುದು ನಗರಸಭೆ. ಬೆಂಕಿ ಬಿದ್ದರೆ ಓಡಿಬರುವುದು ಅಗ್ನಿಶಾಮಕ ದಳ. ಮೂವರೂ ತಮ್ಮ ತಮ್ಮ ಕಡತ ಸರಿಯಾಗಿ ಇಟ್ಟುಕೊಂಡಿರಬಹುದು. ಮೂರು ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ನೋಡುವ ವ್ಯವಸ್ಥೆ ಇರಲಿಲ್ಲ. ಡೌನ್ಸ್‌ವ್ಯೂ ಸ್ಫೋಟವಾದ ಮೇಲೆ ಜನ ಕೇಳಿದ ಮೊದಲ ಪ್ರಶ್ನೆ, ಮನೆಗಳ ಎದುರಿಗೆ ಇದಕ್ಕೆ ಯಾರು ಪರವಾನಗಿ ಕೊಟ್ಟರು ಅಂತ. ಎಲ್ಲರೂ ಒಬ್ಬರನ್ನೊಬ್ಬರು ತೋರಿಸಿದರು. ಇದು ನಮಗೆ ಹೊಸ ದೃಶ್ಯವೇನಲ್ಲ ಬಿಡಿ, ಆದರೆ ಇಲ್ಲೂ ಹೀಗೇನಾ ಅಂತ ಬೇಜಾರಾಗುತ್ತದೆ.

ಒಂದು ಮಾತು ಒಪ್ಪಿಕೊಳ್ಳಬೇಕು, ಆಮೇಲೆ ಕೆಲಸ ಬೇಗ ನಡೆಯಿತು. ಕ್ವೀನ್ಸ್ ವಿಶ್ವವಿದ್ಯಾಲಯದ ಪ್ರೊಫೆಸರ್ ಮೈಕೆಲ್ ಬಿರ್ಕ್ ಮತ್ತು ಸುಸಾನಾ ಕಾಟ್ಜ್ ಇಬ್ಬರ ತಜ್ಞ ಸಮಿತಿ ಮಾಡಿದರು. ಬಿರ್ಕ್ ಅವರು ಈ ಬ್ಲೆವಿಯನ್ನೇ ಜೀವಮಾನವಿಡೀ ಅಧ್ಯಯನ ಮಾಡಿದವರು. 2008ರ ನವೆಂಬರಿನಲ್ಲೇ 40 ಶಿಫಾರಸುಗಳ ವರದಿ ಬಂತು. ಅದರ ಆಧಾರದ ಮೇಲೆ ಪ್ರೊಪೇನ್ ದಾಸ್ತಾನಿನ ನಿಯಮಾವಳಿಗೆ ತಿದ್ದುಪಡಿಯಾಯಿತು. ಮುಖ್ಯವಾದದ್ದು ಅಪಾಯ ಮತ್ತು ಸುರಕ್ಷತಾ ನಿರ್ವಹಣಾ ಯೋಜನೆ. ಲೈಸೆನ್ಸ್ ಬೇಕಾದವರು ತಮ್ಮ ಟ್ಯಾಂಕಿನ ಅಪಾಯದ ದೂರ ಎಷ್ಟು, ಆ ವೃತ್ತದೊಳಗೆ ಮನೆ, ಶಾಲೆ, ಆಸ್ಪತ್ರೆ ಏನೇನಿದೆ, ಬೆಂಕಿ ಬಿದ್ದರೆ ಏನು ಮಾಡುತ್ತೀರಿ ಎಂದು ಬರೆದುಕೊಡಬೇಕಾಯಿತು. 5,000 ಗ್ಯಾಲನ್ ಮೀರಿದ ಕೇಂದ್ರಗಳಿಗೆ ಇನ್ನೂ ಬಿಗಿಯಾದ ಯೋಜನೆ. ತುರ್ತು ಸಿದ್ಧತೆಯ ಭಾಗವನ್ನು ಸ್ಥಳೀಯ ಅಗ್ನಿಶಾಮಕ ದಳ ನೋಡಬೇಕು, ಹೊಸ ಕೇಂದ್ರಕ್ಕೆ ಝೋನಿಂಗ್ ಸರಿಯಿದೆಯೇ ಎಂದು ನಗರಸಭೆಯಿಂದ ತಿಳಿಯಬೇಕು. ಕಡತಗಳು ಕೊನೆಗೂ ಒಂದೇ ಮೇಜಿಗೆ ಬಂದವು.

ಇದನ್ನು ಎಲ್ಲರೂ ಖುಷಿಯಿಂದ ಒಪ್ಪಲಿಲ್ಲ. ಹಳ್ಳಿಗಳಲ್ಲಿ ಒಂದೇ ಟ್ಯಾಂಕ್ ಇಟ್ಟುಕೊಂಡು ರೈತರಿಗೆ ಸಿಲಿಂಡರ್ ತುಂಬಿಸಿಕೊಡುವ ಸಣ್ಣ ವ್ಯಾಪಾರಿಗಳಿಗೆ ಇಂಜಿನಿಯರನ್ನು ಹಿಡಿದು ಯೋಜನೆ ಬರೆಸುವುದು ಭಾರವಾಯಿತು. ಅವರ ದೂರಿನಲ್ಲಿ ಸತ್ಯ ಇದೆ. ಸುತ್ತ ಅರ್ಧ ಮೈಲಿ ಜೋಳದ ಹೊಲ ಇರುವವನಿಗೂ, ಬೇಲಿಯಾಚೆ ಮನೆ ಸಾಲು ಇರುವವನಿಗೂ ಒಂದೇ ಅಳತೆ ಹಿಡಿದರೆ ನ್ಯಾಯವಲ್ಲ. ನನ್ನ ಅಭಿಪ್ರಾಯದಲ್ಲಿ ಬಿಗಿ ಇರಬೇಕಾದ್ದು ಟ್ಯಾಂಕಿನ ಗಾತ್ರದ ಮೇಲಷ್ಟೇ ಅಲ್ಲ, ಆ ವೃತ್ತದೊಳಗೆ ಎಷ್ಟು ಜನ ಮಲಗುತ್ತಾರೆ ಎಂಬುದರ ಮೇಲೆ.

ಕೋರ್ಟಿನ ಕತೆ ಮಾತ್ರ ನಿಧಾನ. 2013ರಲ್ಲಿ ಕಂಪನಿಯ ಮೇಲಿನ ಒಂಬತ್ತು ಆರೋಪಗಳು ಸಾಬೀತಾದವು. ನೌಕರನಿಗೆ ಸರಿಯಾದ ತಿಳುವಳಿಕೆ, ತರಬೇತಿ ಕೊಡಲಿಲ್ಲ ಎಂಬುದೂ ಅದರಲ್ಲಿ ಸೇರಿತ್ತು. 2016ರ ಜನವರಿಯಲ್ಲಿ 50 ಲಕ್ಷ ಡಾಲರಿಗೂ ಮೀರಿ ದಂಡ ವಿಧಿಸಿದರು. ಸ್ಫೋಟವಾಗಿ ಏಳೂವರೆ ವರ್ಷದ ಮೇಲೆ. ಇನ್ನು ಒಂಟಾರಿಯೊದ ಆಡಿಟರ್ ಜನರಲ್ ತಮ್ಮ 2018ರ ವರದಿಯಲ್ಲಿ ಟಿಎಸ್‌ಎಸ್‌ಎಯ ಮೇಲ್ವಿಚಾರಣೆಯನ್ನೇ ಸಾಕಷ್ಟು ಖಾರವಾಗಿ ಟೀಕಿಸಿದರು. ನಿಯಮ ಬರೆಯುವುದು ಒಂದು, ಅದನ್ನು ನಡೆಸುವವರ ಮೇಲೆ ಕಣ್ಣಿಡುವುದು ಇನ್ನೊಂದು.

ಗಡಿಯಾಚೆಯ ನಮ್ಮ ಬಂಧುಗಳಿಗೆ ಒಂದು ವಿಷಯ. ಅಮೆರಿಕದಲ್ಲಿ ಅಪಾಯಕಾರಿ ರಾಸಾಯನಿಕ ಇಟ್ಟವರು ಅಪಾಯ ನಿರ್ವಹಣಾ ಯೋಜನೆ ಸಲ್ಲಿಸಬೇಕೆಂಬ ಫೆಡರಲ್ ನಿಯಮದಲ್ಲಿ 10,000 ಪೌಂಡ್ ಮೀರಿದ ಪ್ರೊಪೇನ್ ಕೂಡ ಸೇರಿತ್ತು. 1999ರಲ್ಲಿ ಅಲ್ಲಿನ ಕಾಂಗ್ರೆಸ್ ಕಾನೂನು ತಂದು, ಇಂಧನವಾಗಿ ಉರಿಸಲು ಅಥವಾ ಚಿಲ್ಲರೆ ಮಾರಾಟಕ್ಕೆ ಇಟ್ಟ ಪ್ರೊಪೇನನ್ನು ಅದರಿಂದ ಹೊರಗಿಟ್ಟಿತು. ಅಂದರೆ ಅದೇ ಟ್ಯಾಂಕ್, ಅದೇ ಅನಿಲ, ಕಾರ್ಖಾನೆಯಲ್ಲಿ ಕಚ್ಚಾವಸ್ತುವಾಗಿದ್ದರೆ ಒಂದು ನಿಯಮ, ಅಂಗಡಿಯ ಹಿಂದೆ ಮಾರಾಟಕ್ಕಿದ್ದರೆ ಬೇರೆ. ಅಂಥ ಕಡೆ ಸ್ಥಳೀಯ ಫೈರ್ ಮಾರ್ಷಲ್ ಕಚೇರಿಯೇ ನಿಮಗೆ ಆಸರೆ.

ಟೊರೊಂಟೊ ಪ್ರದೇಶಕ್ಕೆ 2008 ಮೊದಲ ಪಾಠವೇನೂ ಆಗಿರಲಿಲ್ಲ. 1979ರ ನವೆಂಬರ್ 10ರ ರಾತ್ರಿ ಮಿಸ್ಸಿಸ್ಸಾಗಾದಲ್ಲಿ, ಮೇವಿಸ್ ರಸ್ತೆಯ ಹತ್ತಿರ ಗೂಡ್ಸ್ ರೈಲು ಹಳಿ ತಪ್ಪಿತು. ಒಂದು ಚಕ್ರದ ಬೇರಿಂಗ್ ಕಾದು ಹೋಗಿದ್ದೇ ಕಾರಣ. ಪ್ರೊಪೇನ್ ಬೋಗಿಗಳು ಸಿಡಿದವು, ಒಂದು ನೂರಾರು ಮೀಟರ್ ಹಾರಿಹೋಯಿತು, ಪಕ್ಕದ ಬೋಗಿಯಲ್ಲಿದ್ದ ಕ್ಲೋರಿನ್ ಸೋರತೊಡಗಿತು. ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಿದರು. ಒಬ್ಬರೂ ಸಾಯಲಿಲ್ಲ. ಈಗ ನಮ್ಮಲ್ಲಿ ಎಷ್ಟೋ ಜನರ ಮನೆ ಅದೇ ಪ್ರದೇಶದಲ್ಲಿ ಇದೆ.

ಊರಿನ ಕಡೆಯವರಿಗೆ ಪೆರ್ನೆ ಅಂದರೆ ಸಾಕು. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಉಪ್ಪಿನಂಗಡಿ ಹತ್ತಿರ, ಮಂಗಳೂರು-ಬೆಂಗಳೂರು ಹೆದ್ದಾರಿಯ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಮಗುಚಿ, ಅನಿಲ ಹರಡಿ, ರಸ್ತೆ ಬದಿಯ ಮನೆಗಳಲ್ಲಿದ್ದವರು ಬೆಂದುಹೋದರು. ಅಲ್ಲಿ ದಾಸ್ತಾನು ಕೇಂದ್ರವೇ ಇರಲಿಲ್ಲ, ದಾಸ್ತಾನೇ ರಸ್ತೆಯಲ್ಲಿ ನಡೆದುಬರುತ್ತಿತ್ತು. ಶಿರಾಡಿ ಘಾಟಿಯಲ್ಲಿ ಸಾಲುಗಟ್ಟಿದ ಟ್ಯಾಂಕರುಗಳ ಹಿಂದೆ ಕಾರಿನಲ್ಲಿ ತೆವಳಿದ ಅನುಭವ ನಿಮಗೂ ಇರಬಹುದು. ಟ್ಯಾಂಕಿನಿಂದ ಮನೆ ಎಷ್ಟು ದೂರ ಎಂದು ಕೇಳುವಾಗ ಟ್ಯಾಂಕಿಗೆ ತುಂಬಿಸಲು ಬರುವ ಲಾರಿ ಯಾವ ರಸ್ತೆಯಲ್ಲಿ ಬರುತ್ತದೆ, ರಾತ್ರಿ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಕೇಳಬೇಕು. ಡೌನ್ಸ್‌ವ್ಯೂನಲ್ಲಿ ಮೊದಲು ಹೊತ್ತಿಕೊಂಡದ್ದು ಲಾರಿಯಿಂದಲೇ ಅಲ್ಲವೇ.

ನಮ್ಮದೇ ಸಮಾರಂಭಗಳು

ಬೇರೆಯವರನ್ನು ಪ್ರಶ್ನೆ ಕೇಳುವ ಮುಂಚೆ ನಮ್ಮ ಬೆನ್ನೂ ಸ್ವಲ್ಪ ನೋಡಿಕೊಳ್ಳೋಣ. ಕೆಲವು ವರ್ಷಗಳ ಹಿಂದೆ ಬಾಡಿಗೆ ಹಾಲ್ ಒಂದರಲ್ಲಿ ನಡೆದ ಹಬ್ಬದ ಊಟಕ್ಕೆ ಹೋಗಿದ್ದೆ. ಮಳೆ ಬಂತು ಅಂತ ಹೊರಗಿದ್ದ ದೊಡ್ಡ ಬರ್ನರ್‌ಗಳನ್ನು ಒಳಗೆ ತಂದರು. ಬಿಸಿಬೇಳೆ ಬಾತಿನ ಕೊಳಗ ಹಿಂಬಾಗಿಲ ಪಡಸಾಲೆಯಲ್ಲಿ ಕುದಿಯುತ್ತಿತ್ತು. ಖಾಲಿ, ತುಂಬಿದ್ದು ಎಲ್ಲ ಸೇರಿ ಐದಾರು ಸಿಲಿಂಡರ್ ಬೇಸ್‌ಮೆಂಟಿಗೆ ಇಳಿಯುವ ಮೆಟ್ಟಿಲ ಪಕ್ಕ ನಿಂತಿದ್ದವು. ತುರ್ತು ಬಾಗಿಲೂ ಅದೇ! ಮಕ್ಕಳು ಅದರ ಸುತ್ತ ಕಣ್ಣಾಮುಚ್ಚಾಲೆ ಆಡುತ್ತಿದ್ದರು. ನಾನೂ ನೋಡಿದೆ, ನೋಡಿ ಸುಮ್ಮನೆ ಎರಡನೇ ಸಲ ಪಾಯಸ ಬಡಿಸಿಕೊಂಡೆ. ಪ್ರೊಪೇನ್ ತಗ್ಗಿಗೆ ಹರಿಯುತ್ತದೆ ಎಂದು ಆಗ ತಿಳಿದಿದ್ದರೆ ಬಾಯಿ ಬಿಡುತ್ತಿದ್ದೆನೋ ಏನೋ.

ಹಾಗಾಗಿ ಅಡುಗೆ ಸಮಿತಿಯವರಿಗೆ, ಅಕ್ಕ-ಭಾವಂದಿರಿಗೆ ನನ್ನ ಕೋರಿಕೆ. ಸಿಲಿಂಡರ್ ಯಾವಾಗಲೂ ಹೊರಗೆ, ನೆಟ್ಟಗೆ ನಿಂತಿರಲಿ. ಹಾಲ್ ಒಳಗೆ, ಗ್ಯಾರೇಜಿನಲ್ಲಿ, ಬೇಸ್‌ಮೆಂಟಿನಲ್ಲಿ ಬೇಡ, ಅದು ಖಾಲಿ ಆಗಿದ್ದರೂ ಬೇಡ. ಖಾಲಿ ಎಂದುಕೊಂಡ ಸಿಲಿಂಡರಿನಲ್ಲೂ ಆವಿ ಉಳಿದಿರುತ್ತದೆ. ಹಿಡಿಯ ಹತ್ತಿರ ಒತ್ತಿದ ದಿನಾಂಕ ನೋಡಿ. ಕೆನಡಾದಲ್ಲಿ ಹತ್ತು ವರ್ಷ ಕಳೆದ ಸಿಲಿಂಡರನ್ನು ಮತ್ತೆ ಪರೀಕ್ಷೆ ಮಾಡಿಸದೆ ತುಂಬಿಸುವಂತಿಲ್ಲ. ತುಂಬಿಸುವವರು ಶೇಕಡಾ 80ಕ್ಕೆ ನಿಲ್ಲಿಸಿದರೆ ಮೋಸ ಮಾಡಿದ ಅಂತ ಜಗಳ ತೆಗೆಯಬೇಡಿ, ಬಿಸಿಲಿಗೆ ದ್ರವ ಹಿಗ್ಗಲು ಆ ಜಾಗ ಬೇಕೇ ಬೇಕು. ತುಂಬಿಸಿಕೊಂಡ ಸಿಲಿಂಡರನ್ನು ಕಾರಿನಲ್ಲಿಟ್ಟು, ದಾರಿಯಲ್ಲಿ ಮಾಲ್‌ಗೆ ಹೊಕ್ಕು ಎರಡು ಗಂಟೆ ಶಾಪಿಂಗ್ ಮಾಡುವುದಂತೂ ಬೇಡವೇ ಬೇಡ. ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ನೋಡುವುದು ಊರಿನಲ್ಲಿ ಗ್ಯಾಸ್ ಹುಡುಗ ಮಾಡುತ್ತಿದ್ದ ಪರೀಕ್ಷೆ. ಇಲ್ಲೂ ಅದೇ ಸರಿಯಾದ ಪರೀಕ್ಷೆ.

ಮನೆ ಕೊಳ್ಳುವವರು ಮಾಡಬೇಕಾದ್ದು ಇಷ್ಟು. ನಗರಸಭೆಯ ಪ್ಲಾನಿಂಗ್ ವಿಭಾಗಕ್ಕೆ ಫೋನ್ ಮಾಡಿ ಆ ಜಾಗದ ಝೋನಿಂಗ್ ಏನು, ಹತ್ತಿರ ಪ್ರೊಪೇನ್ ಕೇಂದ್ರ ಇದೆಯೇ, ಅದರ ಅಪಾಯದ ದೂರ ಎಷ್ಟು ಎಂದು ಕೇಳಿ. ಟಿಎಸ್‌ಎಸ್‌ಎಗೂ ಫೋನ್ ಮಾಡಿ ಆ ಕೇಂದ್ರಕ್ಕೆ ಲೈಸೆನ್ಸ್ ಇದೆಯೇ ವಿಚಾರಿಸಿ. ಎಲ್ಲ ಮಾಹಿತಿ ಕೊಡದೇ ಇರಬಹುದು, ಕೇಳುವುದಕ್ಕೆ ದುಡ್ಡು ಕೊಡಬೇಕಿಲ್ಲ. ಟ್ಯಾಂಕ್ ಮೊದಲೇ ಇದ್ದು ಮನೆಗಳು ಆಮೇಲೆ ಬರುತ್ತಿದ್ದರೆ, ಹೊಸ ಬಡಾವಣೆಯ ಬಗ್ಗೆ ನಗರಸಭೆ ಸಾರ್ವಜನಿಕ ಸಭೆ ಕರೆಯುತ್ತದೆ. ಅಂಚೆಯಲ್ಲಿ ಬರುವ ಆ ನೋಟೀಸನ್ನು ಪಿಜ್ಜಾ ಕೂಪನ್ ಜೊತೆ ಕಸದ ಬುಟ್ಟಿಗೆ ಹಾಕುವವರಲ್ಲಿ ನಾನೂ ಒಬ್ಬನಾಗಿದ್ದೆ.

ಅಂದಹಾಗೆ ನಮ್ಮ ಗೆಳೆಯರು ನಗರಸಭೆಗೆ ಫೋನ್ ಮಾಡಿದರು. ಎರಡು ವಾರ ಬಿಟ್ಟು ಉತ್ತರ ಬಂತು. ಅವರು ನೋಡಿದ ಮನೆ ಆ ಟ್ಯಾಂಕಿನ ಅಪಾಯದ ವೃತ್ತದ ಹೊರಗೇ ಇದೆ, ಆದರೆ ಮಕ್ಕಳು ಹೋಗಬೇಕಾದ ಶಾಲೆಯ ಆಟದ ಮೈದಾನದ ಒಂದು ಮೂಲೆ ಒಳಗೆ ಬರುತ್ತದೆ. ಮನೆಯ ವಿಚಾರ ಇನ್ನೂ ಗಂಡ ಹೆಂಡತಿ ಮಾತಾಡಿಕೊಳ್ಳುತ್ತಿದ್ದಾರೆ. ಶಾಲೆಯವರಿಗೆ ಇದು ಗೊತ್ತಿದೆಯೇ, ಮಕ್ಕಳನ್ನು ಯಾವ ದಿಕ್ಕಿಗೆ ಕರೆದೊಯ್ಯಬೇಕೆಂದು ಬರೆದಿಟ್ಟಿದ್ದಾರೆಯೇ ಎಂದು ಕೇಳಿ ಪ್ರಿನ್ಸಿಪಾಲರಿಗೆ ಒಂದು ಪತ್ರವನ್ನಂತೂ ಹಾಕಿದ್ದಾರೆ.